ಕೇಳದೆ ನಡೆಯುವವರ ದೇಶದಲ್ಲಿ

ಕೊಟ್ಟಿಗೆಹಾರ

ನಮ್ಮ ಕಡೆಯ ಹೆಂಗಸರು ವಿದೇಶಕ್ಕೆ ಹೊರಟರೆ ಯಾರೂ ಕಾರಣ ಕೇಳುವುದಿಲ್ಲ. ಮಗಳ ಬಾಣಂತನ ಇರಬೇಕು ಅಂದುಕೊಳ್ಳುತ್ತಾರೆ. ಮಂಗಳೂರಿನ ವಿಮಾನ ಹಿಡಿಯಲು ಹೊರಟು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತ ಕೂತಿದ್ದಾಗ ಹೋಟೆಲಿನ ರಮೇಶಣ್ಣನೂ ಅದನ್ನೇ ಕೇಳಿದರು.

"ಮಗ್ಳಿಗೆ ಎಷ್ಟನೇ ತಿಂಗ್ಳು ಲಾಯರಮ್ಮ?"

"ನಂಗೆ ಮಕ್ಳಿಲ್ಲ ರಮೇಶಣ್ಣ. ಅಲ್ಲಿ ಕಾನೂನು ರಿಪೇರಿ ಮಾಡೋ ಆಫೀಸ್ ಒಂದಿದೆ. ಅವ್ರು ಕರ್ದಿದಾರೆ."

"ರಿಪೇರಿನಾ? ಹಂಗಾರೆ ನಮ್ದೂ ಒಂದಿಷ್ಟು ತಗಂಡೋಗಿ. ವಾಪಸ್ ತರೋದೇನ್ ಬ್ಯಾಡ, ಅಲ್ಲೇ ಬಿಟ್ಟು ಬನ್ನಿ."

ಪಕ್ಕದ ಟೇಬಲಿನವರೂ ನಕ್ಕರು. ನಾನು ಮೂಡಿಗೆರೆಯಲ್ಲಿ ವಕೀಲಿ ಮಾಡುವವಳು. ನನ್ನ ಕಸುಬು ಕಂಡು ಜನ ನಗುವುದು ನನಗೆ ಹೊಸದಲ್ಲ.

ಹೋದ ದೇಶದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿಯವರು ನನ್ನ ವಿಷಯದಲ್ಲಿ ಬಹಳ ಒಳ್ಳೆಯವರಾಗಿದ್ದರು; ನಾನು ಅವರ ವಿಷಯದಲ್ಲಿ ಅಷ್ಟು ಒಳ್ಳೆಯವಳಾಗಿರುವ ಯೋಚನೆಯಲ್ಲಿಲ್ಲ. ತಣ್ಣಗಿನ ದೇಶ, ಇಂಗ್ಲಿಷ್ ಮಾತಾಡುತ್ತಾರೆ, ಇಷ್ಟು ಸಾಕು. ಅಲ್ಲಿ ಸರ್ಕಾರದ ಹಂಗಿಲ್ಲದ ಕಾನೂನು ಸುಧಾರಣಾ ಆಯೋಗ ಅಂತ ಒಂದಿದೆ. ಹಳೆಯ ಕಾನೂನುಗಳನ್ನು ಒಂದೊಂದಾಗಿ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಇದು ಇರಲಿ, ಇದು ಹೋಗಲಿ, ಇದನ್ನು ತಿದ್ದಿ ಎಂದು ಸರ್ಕಾರಕ್ಕೆ ಹೇಳುವುದು ಅದರ ಕೆಲಸ. ಈಗ ಅವರು ಕಾಲುದಾರಿಯ ಕಾನೂನನ್ನು ಇಳಿಸಿದ್ದರು. ಅದೇ ಕಾನೂನು ಬ್ರಿಟಿಷರ ಕಾಲದಲ್ಲಿ ಹಡಗು ಹತ್ತಿ ನಮ್ಮ ಬೆಟ್ಟಕ್ಕೂ ಬಂದು, ಬಂದವರು ಹೋದ ಮೇಲೂ ಇಲ್ಲೇ ಉಳಿದುಕೊಂಡಿದೆ. ನಮ್ಮ ವಕೀಲರ ಸಂಘದ ಸ್ಮರಣ ಸಂಚಿಕೆಗೆ ಜಾಹೀರಾತು ಕಡಿಮೆ ಬಿದ್ದು ಪುಟ ಖಾಲಿ ಉಳಿದಾಗ, ಅದರ ಬಗ್ಗೆ ನಾನು ಇಂಗ್ಲಿಷಿನಲ್ಲಿ ಒಂದು ಲೇಖನ ಗೀಚಿ ಕೊಟ್ಟಿದ್ದೆ. ಊರಲ್ಲಿ ಅದನ್ನು ಓದಿದವರು ಪ್ರೂಫ್ ನೋಡಿದವರು ಮಾತ್ರ. ಆಯೋಗದ ಸಂಶೋಧಕಿ ಕ್ಲೇರ್ ಎಂಬ ಹುಡುಗಿ ಅದು ಹೇಗೋ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದು, ಬಂದು ಮಾತಾಡಿ ಎಂದು ಕರೆಸಿಕೊಂಡಿದ್ದಳು.

ನಾನು ಹೊರಟಿದ್ದು ಸುತ್ತಾಡಲು ಅಲ್ಲ. ನನಗೆ ಅವರಿಂದ ಒಂದು ಸಾಲು ಬೇಕಿತ್ತು, ಗಿರಿಜಮ್ಮನಿಗಾಗಿ.

ಗಿರಿಜಮ್ಮ ಜಾವಳಿ ಹತ್ತಿರದ ತೋಟವೊಂದರ ಹಿಂದೆ ಇರುವ ಕೂಲಿಯವರ ಮನೆಗಳಲ್ಲಿ ಒಂದರವರು. ಆ ಮನೆಗಳಿಂದ ಟಾರು ರಸ್ತೆಗೆ ಬರಲು ತೋಟದ ನಡುವೆ ಅವರೆಲ್ಲ ದಶಕಗಳಿಂದ ನಡೆಯುವ ಒಂದು ಕಾಲುದಾರಿ ಇದೆ. ಹಳೆಯ ಸಾಹುಕಾರರು ತೀರಿಕೊಂಡ ಮೇಲೆ ತೋಟ ಕೊಂಡ ಹೊಸಬರು ಹೋಂಸ್ಟೇ ಶುರುಮಾಡಿ, ಅತಿಥಿಗಳ ಏಕಾಂತಕ್ಕೆ ಭಂಗ ಬರುತ್ತದೆಂದು ಗೇಟಿಗೆ ಬೀಗ ಹಾಕಿದರು. ಇನ್ನೊಂದು ದಾರಿ ಇದೆ, ಕಾಡಂಚಿನಲ್ಲಿ ಸುತ್ತಿಕೊಂಡು ಬರುವಂಥದ್ದು. ಅದು ಆನೆಗಳು ತಿರುಗುವ ದಾರಿ. ಬೀಗ ಬಿದ್ದ ವರ್ಷವೇ ಗಿರಿಜಮ್ಮನ ವಾರಗಿತ್ತಿಯನ್ನು ಅಲ್ಲಿ ಆನೆ ತುಳಿದು ಸಾಯಿಸಿತು. ಆಮೇಲೆ ಅವರು ನನ್ನ ಆಫೀಸಿನ ಮೆಟ್ಟಿಲು ಹತ್ತಿದ್ದು.

ತೀರ್ಪು ಬರುವವರೆಗೆ ಗೇಟು ತೆರೆದಿಡಿ ಎಂದು ಕೋರ್ಟಿನಿಂದ ಆದೇಶ ತಂದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಕಾಲುದಾರಿಯ ಹಕ್ಕು ಬೇಕಾದರೆ ಇಪ್ಪತ್ತು ವರ್ಷ ಅದರಲ್ಲಿ ನಡೆದಿರಬೇಕು ಅನ್ನುತ್ತದೆ ಕಾನೂನು. ಕದ್ದು ನಡೆದಿರಬಾರದು, ಜಗಳವಾಡಿ ನಡೆದಿರಬಾರದು, ಅಪ್ಪಣೆ ಕೇಳಿಯೂ ನಡೆದಿರಬಾರದು. ಒಟ್ಟಿನಲ್ಲಿ ಅಪ್ಪನ ಮನೆ ಅಂಗಳ ಅನ್ನುವ ಹಾಗೆ ಹಗಲುಹೊತ್ತು ಸೊಕ್ಕಿನಿಂದ ನಡೆದಿರಬೇಕು. ಸಾಕ್ಷಿ ಕಟ್ಟೆಯಲ್ಲಿ ಎದುರು ವಕೀಲರು ಗಿರಿಜಮ್ಮನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಹಳೇ ಸಾಹುಕಾರ್ರನ್ನ ಕೇಳಿ ಹೋಗ್ತಿದ್ರಾ, ಕೇಳ್ದೆ ಹೋಗ್ತಿದ್ರಾ?"

ಗಿರಿಜಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಕೇಳ್ದೆ ಹೋಗಕ್ಕೆ ನಾವೇನ್ ದನ ಏನ್ ಸ್ವಾಮಿ? ದಿನಾ ಜಗಲಿ ಹತ್ರ ನಿಂತು, ಅಯ್ಯಾ ಹೋಗ್ಬತ್ತೀವಿ ಅನ್ನೋದು, ಅವ್ರು ಹೂಂ ಅನ್ನೋದು. ಆಮೇಲೇ ನಾವು ಹೆಜ್ಜೆ ಇಡೋದು."

ಎದುರು ವಕೀಲರು ಕೋಟು ಸರಿಮಾಡಿಕೊಂಡು ಕೂತುಬಿಟ್ಟರು. ಅವರ ಕೆಲಸ ಮುಗಿದಿತ್ತು. ನನ್ನ ಕೇಸೂ ಬಹುಪಾಲು ಮುಗಿದಿತ್ತು. ಇನ್ನು ಅಂತಿಮ ವಾದ ಮಾತ್ರ ಬಾಕಿ. ಈ ಕಾನೂನನ್ನು ಹೆತ್ತ ದೇಶದ ಆಯೋಗವೇ, "ಮರ್ಯಾದೆಗೆ ಕೇಳಿದವರ ಹಕ್ಕು ಕಿತ್ತುಕೊಳ್ಳುವುದು ತಪ್ಪು" ಎಂದು ಒಂದು ಸಾಲು ಬರೆದುಕೊಟ್ಟರೆ, ನಮ್ಮ ನ್ಯಾಯಾಧೀಶರ ಮುಂದೆ ಇಡಬಹುದು ಎಂಬ ಆಸೆಯಿಂದ ನಾನು ಚಾರ್ಮಾಡಿ ಘಾಟಿ ಇಳಿದೆ.

ವಿಮಾನ ನಿಲ್ದಾಣ

ಪಾಸ್‌ಪೋರ್ಟ್ ನೋಡುವ ಅಧಿಕಾರಿ ಬಂದ ಉದ್ದೇಶ ಕೇಳಿದ.

"ನಿಮ್ಮ ಕಾನೂನು ಸುಧಾರಣಾ ಆಯೋಗಕ್ಕೆ ಸಲಹೆ ಕೊಡಲು," ಅಂದೆ, ಆದಷ್ಟು ಗತ್ತಿನಿಂದ.

"ಯಾವ ಆಯೋಗ?"

ಹೆಸರು ಹೇಳಿದೆ. ಅವನು ಪಕ್ಕದವನನ್ನು ಕೇಳಿದ. ಪಕ್ಕದವನು ಆಚೆಯವಳನ್ನು ಕೇಳಿದ. ಅವಳು ಬಹಳ ಯೋಚಿಸಿ, ಅದು ಮೀನಿಗೆ ಸಂಬಂಧಪಟ್ಟದ್ದಿರಬೇಕು ಅಂದಳು. ಮೂವರೂ ನನ್ನನ್ನು ಮೀನಿನ ತಜ್ಞೆ ಎಂದು ಒಪ್ಪಿಕೊಂಡು ಒಳಗೆ ಬಿಟ್ಟರು.

ಮುಂದೆ ಒಂದು ನಾಯಿ ನನ್ನ ಚೀಲದ ಎದುರು ಕೂತು ಏಳಲೊಲ್ಲದು. ಒಳಗೆ ಇದ್ದದ್ದು ನಮ್ಮ ಕಾಫಿಪುಡಿ, ಚಿಕೋರಿ ಬೆರೆಸದ್ದು. ಪೊಟ್ಟಣ ಬಿಚ್ಚಿಸಿ ಮೂಸಿದ ಮೇಲೆ ಸಿಬ್ಬಂದಿಯೂ ನಾಯಿಯಷ್ಟೇ ಹೊತ್ತು ಅಲ್ಲೇ ನಿಂತರು. ಅವರ ಕಷ್ಟ ನನಗೆ ಆಮೇಲೆ ಅರ್ಥವಾಯಿತು. ಆ ದೇಶದಲ್ಲಿ ಕಾಫಿ ಎಂದು ಕೊಡುವುದು ಚೊಂಬು ಬಿಸಿನೀರು; ಅದಕ್ಕೆ ಬೀಜವನ್ನು ದೂರದಿಂದ ತೋರಿಸಿರುತ್ತಾರೆ.

ಕ್ಲೇರ್ ಕರೆದೊಯ್ಯಲು ಬಂದಿದ್ದಳು. ಬಸ್ಸಿನಲ್ಲಿ ನಾನು ಒಬ್ಬ ಮುದುಕನ ಕಾಲು ತುಳಿದೆ. ಅವನು "ಸಾರಿ" ಅಂದ. ತುಳಿದವಳು ನಾನು! ಬಾಗಿಲು ತಳ್ಳಿದರೆ ಸಾರಿ, ಲಿಫ್ಟಿನಲ್ಲಿ ಕಣ್ಣಿಗೆ ಕಣ್ಣು ಸಿಕ್ಕರೆ ಸಾರಿ, ಅಂಗಡಿಯಲ್ಲಿ ಸಾಮಾನು ಕೇಳಬೇಕಾದರೆ ಮೊದಲು ಸಾರಿ. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಇಷ್ಟು ಸಾರಿ ಹೇಳುತ್ತ ಕೂತರೆ ಕಳಸದ ಬಸ್ಸಿನಲ್ಲಿ ಯಾರಿಗೂ ಸೀಟು ಸಿಕ್ಕುವುದಿಲ್ಲ. ಇಂಥ ಮರ್ಯಾದಸ್ಥರು ಕೂತು, ಮರ್ಯಾದೆಯಿಂದ ಕೇಳಿದವನಿಗೆ ಹಕ್ಕಿಲ್ಲ ಎಂಬ ಕಾನೂನು ಬರೆದರಲ್ಲ ಎಂದು ನನಗೆ ತಲೆ ಕೆಟ್ಟುಹೋಯಿತು.

ಆಯೋಗದ ಕಚೇರಿ

ಕಚೇರಿ ಇದ್ದದ್ದು ಹಳೆಯ ಇಟ್ಟಿಗೆ ಕಟ್ಟಡದಲ್ಲಿ. ಅಧ್ಯಕ್ಷರು ಹೆನ್ರಿ ಎಂಬ ನಿವೃತ್ತ ನ್ಯಾಯಾಧೀಶರು. ಎತ್ತರದ ಆಳು, ಮೃದುವಾದ ಮಾತು, ತೋಳಿನ ಮೇಲೆ ಬಿಸ್ಕತ್ತಿನ ಪುಡಿ. ಅವರೇ ನಿಂತು ಕೆಲಸದ ಕ್ರಮ ವಿವರಿಸಿದರು.

ಮೊದಲು, ಯಾವ ಪ್ರಶ್ನೆಗಳನ್ನು ಕೇಳಬೇಕು ಎಂದು ಜನರನ್ನು ಕೇಳಿ ಒಂದು ಪುಸ್ತಕ ತರುತ್ತಾರೆ. ಆಮೇಲೆ ಆ ಪ್ರಶ್ನೆಗಳನ್ನು ಕೇಳಿ ಇನ್ನೊಂದು. ಬಂದ ಉತ್ತರಗಳ ಮೇಲೆ ಮತ್ತೊಂದು. ಎಲ್ಲ ಮುಗಿದ ಮೇಲೆ ವರದಿ. ಕಾಲುದಾರಿಯ ಕೆಲಸ ಶುರುವಾದಾಗ ಕ್ಲೇರ್ ಶಾಲೆಗೆ ಹೋಗುತ್ತಿದ್ದಳಂತೆ.

"ನಾವು ಪೂರ್ತಿ ಸ್ವತಂತ್ರರು," ಹೆನ್ರಿ ಹೆಮ್ಮೆಯಿಂದ ಅಂದರು. "ಸರ್ಕಾರ ನಮ್ಮ ವರದಿಗೆ ಬೆರಳು ಹಚ್ಚುವುದಿಲ್ಲ."

"ಬರೆಯುವಾಗಲೋ, ಬರೆದ ಮೇಲೋ?" ಅಂತ ಕೇಳಿದೆ.

ಅವರು ತೋಳಿನ ಮೇಲಿನ ಪುಡಿ ಕೊಡವಿಕೊಂಡು, "ಎರಡೂ ಸಲ," ಅಂದರು. ಅವರಿಗೆ ಹಾಸ್ಯಪ್ರಜ್ಞೆ ಇರುವುದು ಕಂಡು ಖುಷಿಯಾಯಿತು. ಆಮೇಲೆ ಗೊತ್ತಾಯಿತು, ಅವರು ಹಾಸ್ಯ ಮಾಡಿರಲಿಲ್ಲ.

ಅವರಲ್ಲಿ ಒಂದು ಪದ್ಧತಿ ಇದೆ. ಆಯೋಗದ ಶಿಫಾರಸು ಕಾನೂನಾದಾಗಲೆಲ್ಲ ಕಚೇರಿಯ ಹಿಂದೆ ಒಂದು ಗಿಡ ನೆಡುತ್ತಾರೆ. ನೋಡೋಣ ಎಂದು ಕರೆದುಕೊಂಡು ಹೋದರು. ಹುಲ್ಲುಹಾಸು ಬಹಳ ವಿಶಾಲವಾಗಿತ್ತು. ಒಂದು ಮೂಲೆಯಲ್ಲಿ ಸೇಬಿನ ಮರ, ಅದರ ಪಕ್ಕ ಏನೋ ಪೊದೆ. ನಾನು ಕಾಫಿ ಸೀಮೆಯವಳು, ನೆರಳಿನ ಮರ ಎಣಿಸುವುದು ಅಭ್ಯಾಸ. ಅಲ್ಲಿ ಒಂದು ಕಾಫಿ ಗಿಡಕ್ಕಾಗುವಷ್ಟೂ ನೆರಳಿರಲಿಲ್ಲ. ಆ ಪೊದೆಯೂ ತಾನಾಗಿ ಹುಟ್ಟಿದ್ದು ಎಂದು ಕ್ಲೇರ್ ಕಿವಿಯಲ್ಲಿ ಹೇಳಿದಳು.

ನಕ್ಕೆ, ನಿಜ. ಆದರೆ ಒಳಗೊಳಗೆ ಹೆದರಿಕೆಯೂ ಆಯಿತು. ಗಿರಿಜಮ್ಮನ ದಾರಿಗಾಗಿ ನಾನು ಈ ಹುಲ್ಲನ್ನೇ ನಂಬಿಕೊಂಡು ಬಂದಿದ್ದೆ.

ಹಳ್ಳಿಯ ಗೇಟು

ಮರುದಿನ ಆಯೋಗದ ಸವಾರಿ ಒಂದು ಹಳ್ಳಿಗೆ ಹೊರಟಿತು. ಅಲ್ಲಿ ಒಂದು ಹುಲ್ಲುಗಾವಲಿನ ನಡುವೆ ಜನ ಬಳಸುವ ಕಾಲುದಾರಿ ಇದೆ, ಅದನ್ನು ಕಣ್ಣಾರೆ ನೋಡಿ ಅಧ್ಯಯನ ಮಾಡಬೇಕಂತೆ. ಮಳೆ ಬರುತ್ತಿತ್ತು. ಎಲ್ಲರೂ ಅಯ್ಯೋ ಎಂಥ ಮಳೆ ಅನ್ನುತ್ತಿದ್ದರು. ನಮ್ಮಲ್ಲಿ ಅಂಥದ್ದಕ್ಕೆ ಯಾರೂ ಕೊಡೆ ಬಿಚ್ಚುವುದಿಲ್ಲ, ಹೊರಗೆ ಹಾಕಿದ ಬಟ್ಟೆಯನ್ನೂ ತೆಗೆಯುವುದಿಲ್ಲ.

ಗೇಟಿನ ಹತ್ತಿರ ನಮಗಾಗಿ ಕಾಯುತ್ತಿದ್ದವರು ಡೋರತಿ, ನಿವೃತ್ತ ಶಾಲಾ ಟೀಚರು. ಕೆಲಸ ಬಿಟ್ಟ ಮೇಲೆ ಆ ಹಳ್ಳಿಗೆ ಬಂದು ನೆಲೆಸಿದವರು. ಬಂದಾಗಿನಿಂದ ದಿನವೂ ಆ ದಾರಿಯಲ್ಲಿ ನಡೆದು ಕೆಳಗಿನ ಊರಿನ ಅಂಗಡಿಗೆ ಹೋಗುತ್ತಾರೆ. ಮಂಡಿ ನೋವು, ಕಾರು ಓಡಿಸಲು ಬರುವುದಿಲ್ಲ, ಇನ್ನೊಂದು ದಾರಿ ಲಾರಿಗಳು ನುಗ್ಗುವ ಹೆದ್ದಾರಿ. ಇನ್ನೊಂದು ಚಳಿಗಾಲ ಕಳೆದರೆ ಅವರಿಗೂ ಇಪ್ಪತ್ತು ವರ್ಷ ತುಂಬುತ್ತಿತ್ತು. ದಾರಿ ಊರಿನದಾಗುತ್ತಿತ್ತು.

"ಕಾನೂನು ಓದಿಕೊಂಡೇ ನಡೆದೆ," ಅಂದರು ನನಗೆ. "ಈ ಜಾಗದ ರೈತ ಬಹಳ ಒಳ್ಳೆಯವನು. ಆದರೆ ಇಷ್ಟು ವರ್ಷದಲ್ಲಿ ಅವನಿಗೆ ಒಂದು ದಿನವೂ ನಮಸ್ಕಾರ ಹೇಳಲಿಲ್ಲ. ಹೇಳಿದರೆ ಎಲ್ಲಿ ಅವನು, 'ಧಾರಾಳವಾಗಿ ಹೋಗಿ' ಅಂದುಬಿಡುತ್ತಾನೋ ಎಂಬ ಭಯ. ಅವನ ಹೆಂಡತಿ ಸತ್ತಾಗಲೂ ಮುಖ ತಿರುಗಿಸಿಕೊಂಡು ಹೋದೆ. ಹೋದ ವರ್ಷ ಅವನೂ ಸತ್ತ."

ಗಿರಿಜಮ್ಮ ಕೇಳಿ ಕೇಳಿ ಕಳೆದುಕೊಂಡದ್ದನ್ನು ಈಕೆ ಕೇಳದೆ ಗಳಿಸುತ್ತಿದ್ದರು, ಮತ್ತು ಅದರಿಂದ ಸುಖವಾಗಿಯೇನೂ ಇರಲಿಲ್ಲ. ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದೆ. ಅವರು "ಸಾರಿ" ಅಂದರು.

ಅಷ್ಟರಲ್ಲಿ ಆಯೋಗ ಗೇಟಿನ ಮುಂದೆ ನಿಂತುಬಿಟ್ಟಿತ್ತು. ಹೆನ್ರಿ ಬೂಟು ಒರೆಸಿಕೊಳ್ಳುತ್ತ, "ಇದು ಖಾಸಗಿ ಜಮೀನು. ನಾವು ನಿಷ್ಪಕ್ಷಪಾತ ಸಂಸ್ಥೆ. ಮಾಲೀಕರನ್ನು ಒಂದು ಮಾತು ಕೇಳದೆ ಒಳಗೆ ಹೋಗುವುದು ಸರಿಯಲ್ಲ," ಅಂದರು.

"ಕೇಳಬೇಡಿ!" ಡೋರತಿ ಕೂಗಿದರು. "ದಯವಿಟ್ಟು ಕೇಳಬೇಡಿ!"

"ಕೇಳಬೇಡಿ ಸರ್," ನಾನೂ ಅಂದೆ. "ಈ ಜಾಗ ಕೊಂಡವನು ಪಟ್ಟಣದವನಂತೆ, ವಾರಕ್ಕೊಮ್ಮೆ ಬರುತ್ತಾನಂತೆ, ಇವರೇ ಹೇಳಿದರು. ಇಲ್ಲೊಂದು ದಾರಿ ಇದೆ ಅನ್ನುವುದೇ ಅವನ ತಲೆಗೆ ಬಂದಿಲ್ಲ. ನೀವಾಗಿ ಎಬ್ಬಿಸುತ್ತೀರಿ."

"ಆದರೆ ಮರ್ಯಾದೆ ಅನ್ನುವುದು ಒಂದಿದೆಯಲ್ಲ," ಅಂದರು ಹೆನ್ರಿ. ಅಂದು ಫೋನು ತೆಗೆದರು.

ಮಾಲೀಕ ಅವತ್ತು ಹಳ್ಳಿಯ ಮನೆಯಲ್ಲೇ ಇದ್ದ. ಹೊಸ ಬೂಟು ಹಾಕಿಕೊಂಡು ಓಡಿ ಬಂದ. ಆಯೋಗದ ಉದ್ದೇಶವನ್ನು ಹೆನ್ರಿ ಸವಿಸ್ತಾರವಾಗಿ, ಎಲ್ಲಿ ಏನು ಮಾಡಿದರೆ ಹಕ್ಕು ಹುಟ್ಟುವುದಿಲ್ಲ ಎಂಬುದರ ಸಮೇತ ವಿವರಿಸಿದರು. ಮಾಲೀಕ ಗಮನವಿಟ್ಟು ಕೇಳಿದ. ಅಷ್ಟು ಚೆನ್ನಾಗಿ ಕೇಳುವ ಕಕ್ಷಿದಾರ ನನಗೆ ಇದುವರೆಗೆ ಸಿಕ್ಕಿಲ್ಲ. ಕೊನೆಗೆ ಎಲ್ಲರ ಕೈ ಕುಲುಕಿ, "ಧಾರಾಳವಾಗಿ ಹೋಗಿ ಬನ್ನಿ, ನನ್ನ ಅನುಮತಿ ಇದೆ," ಅಂದ. ಡೋರತಿ ಕಡೆ ತಿರುಗಿ, ಇನ್ನೂ ಗಟ್ಟಿಯಾಗಿ, "ನಿಮಗೂ ಇದೆ ಮೇಡಂ, ಯಾವಾಗಲೂ," ಅಂದ.

ನಾವು ದಾರಿ ನೋಡಿ ತಿರುಗಿ ಬರುವಷ್ಟರಲ್ಲಿ ಗೇಟಿನ ಮೇಲೆ ಒಂದು ಹಲಗೆ ನೇತಾಡುತ್ತಿತ್ತು. ಮಾಲೀಕರ ಕೃಪೆಯಿಂದ ಸಾರ್ವಜನಿಕರಿಗೆ ಪ್ರವೇಶವಿದೆ ಎಂದು ಅದರಲ್ಲಿ ಬರೆದಿತ್ತು. ಬಣ್ಣ ಒಣಗಿರಲಿಲ್ಲ. ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ನಡೆದದ್ದು ಆ ಹಸಿ ಬಣ್ಣದಲ್ಲಿ ಹೋಯಿತು. ಡೋರತಿ ಹಲಗೆಯನ್ನು ಓದಿದರು, ಆ ದಾರಿಯನ್ನು ಬಿಟ್ಟು ಹೆದ್ದಾರಿಯ ಕಡೆ ಹೊರಟುಹೋದರು.

"ಬಹಳ ಉಪಯುಕ್ತ ಭೇಟಿ," ಅಂದರು ಹೆನ್ರಿ, ಬಸ್ಸಿನಲ್ಲಿ.

ಸಭೆ

ಕೊನೆಯ ದಿನ ನನ್ನ ಸರದಿ. ಬರೆದುಕೊಂಡು ಹೋಗಿದ್ದ ಭಾಷಣವನ್ನು ಪಕ್ಕಕ್ಕಿಟ್ಟು ಗಿರಿಜಮ್ಮನ ಕತೆ ಹೇಳಿದೆ. ಜಗಲಿ, "ಅಯ್ಯಾ ಹೋಗ್ಬತ್ತೀವಿ", ಬೀಗ, ಆನೆ, ವಾರಗಿತ್ತಿ, ಎಲ್ಲ. ಆಮೇಲೆ ಕೇಳಿದೆ: "ನಮ್ಮ ಊರಲ್ಲಿ ಮಾತಾಡಿಸದೆ ಒಬ್ಬರ ಅಂಗಳ ದಾಟುವವನು ಕಳ್ಳ, ಇಲ್ಲ ಹುಚ್ಚ. ನಿಮ್ಮ ಕಾನೂನು ಅವನಿಗೆ ದಾರಿ ಕೊಡುತ್ತದೆ. ಮಾತಾಡಿಸಿ ಹೋದವಳನ್ನು ಆನೆಯ ಮುಂದೆ ನಿಲ್ಲಿಸುತ್ತದೆ. ಇದು ತಪ್ಪೋ ಅಲ್ಲವೋ, ಅಷ್ಟು ಹೇಳಿ."

ಕ್ಲೇರ್ ಕಣ್ಣು ಒರೆಸಿಕೊಂಡಳು. ಹೆನ್ರಿ ಎದ್ದು ನಿಂತು, ಇಷ್ಟು ಮನಕಲಕುವ ನಿರೂಪಣೆಯನ್ನು ತಾವು ಕೇಳಿಯೇ ಇಲ್ಲ ಅಂದರು. ಒಬ್ಬ ಪ್ರೊಫೆಸರರು, ಆನೆ ಏಷ್ಯಾದ ಜಾತಿಯದೋ ಆಫ್ರಿಕಾದ್ದೋ ಎಂದು ಕೇಳಿದರು. ಏಷ್ಯಾದ್ದು ಅಂದೆ. ಬರೆದುಕೊಂಡರು.

ಸಭೆ ಮುಗಿದ ಮೇಲೆ ಹೆನ್ರಿಯವರ ಕೋಣೆಗೆ ಹೋದೆ. "ಸರ್, ಒಂದು ಸಾಲು ಬರೆದುಕೊಡಿ. ನಿಯಮ ತಪ್ಪಾಗಿದೆ ಅಂತ. ನೀವು ಒಳ್ಳೆಯವರು, ನಿಮಗೂ ಹಾಗೇ ಅನ್ನಿಸುತ್ತದೆ ಅಂತ ನನಗೆ ಗೊತ್ತು."

"ಖಂಡಿತ ಅನ್ನಿಸುತ್ತದೆ," ಅಂದರು. "ಆದರೆ ವರದಿ ಬರುವವರೆಗೆ ಆಯೋಗಕ್ಕೆ ಅಭಿಪ್ರಾಯ ಇರುವಂತಿಲ್ಲ. ಇದ್ದರೆ ನಮ್ಮ ಸ್ವಾತಂತ್ರ್ಯದ ಗತಿ ಏನು?"

"ವರದಿ ಯಾವಾಗ ಬರುತ್ತದೆ?"

"ನಿಮ್ಮ ಮಾತಿನಿಂದ ಹೊಸ ಪ್ರಶ್ನೆಗಳು ಎದ್ದಿವೆ. ಅವುಗಳನ್ನು ಹೇಗೆ ಕೇಳಬೇಕು ಎಂಬ ಪುಸ್ತಕ ಮೊದಲು ಆಗಬೇಕು." ನನ್ನ ಮುಖ ನೋಡಿ ಅವರಿಗೆ ನಿಜವಾಗಿ ಬೇಜಾರಾಯಿತು. "ನಿಮ್ಮ ಗಿರಿಜಮ್ಮನನ್ನು ಅನುಬಂಧದಲ್ಲಿ ಸೇರಿಸುತ್ತೇವೆ," ಅಂದರು.

ನನಗೆ ಕೆಟ್ಟ ಸಿಟ್ಟು ಬಂದಿತ್ತು. ಅವರ ಮೇಲೆ ಅಷ್ಟಲ್ಲ, ಇಷ್ಟು ದೂರ ಬಂದು ಕೈಚಾಚಿದ ನನ್ನ ಮೇಲೆ. ಆದರೂ ಬಾಗಿಲಲ್ಲಿ ತಿರುಗಿ, "ಹೋಗಿ ಬರುತ್ತೇನೆ ಸರ್," ಅಂದೆ.

ಜಾವಳಿ

ಬಂದ ಮಾರನೆಯ ದಿನವೇ ಜೀಪು ಹತ್ತಿ ಗಿರಿಜಮ್ಮನ ಮನೆಗೆ ಹೋದೆ. ಅವರು ರಸ್ತೆಯಾಚೆಯ ತೋಟದ ಕೆಲಸಕ್ಕೆ ಹೊರಟು ನಿಂತಿದ್ದರು.

"ಎಂತ ಅಂದ್ರು ಲಾಯರಮ್ಮ, ಅಲ್ಲಿಯವ್ರು?"

"ಪುಸ್ತಕದ ಹಿಂದ್ಗಡೆ ನಿಮ್ಮ ಕತೆ ಹಾಕ್ತಾರಂತೆ."

"ದಾರಿ?"

"ದಾರಿ ವಿಷ್ಯ ಏನೂ ಹೇಳಲ್ಲ."

ಗಿರಿಜಮ್ಮ ತಲೆಯಾಡಿಸಿದರು, ಹೀಗೇ ಎಂದು ಮೊದಲೇ ಗೊತ್ತಿದ್ದವರ ಹಾಗೆ. ವಿಮಾನದಲ್ಲಿ ಬರುವಾಗ ನಾನು ಒಂದು ಉಪಾಯ ಹೊಸೆದಿದ್ದೆ, ಅದನ್ನು ಹೇಳಿದೆ. ಇನ್ನುಳಿದಿರುವುದು ಒಂದೇ ವಾದ: ಹಳೆಯ ಸಾಹುಕಾರರಿಗೆ ಅಂದದ್ದು ಬರೀ ಬಾಯಿಮಾತಿನ ಮರ್ಯಾದೆ, ಅಪ್ಪಣೆ ಅಲ್ಲ. ಈಗಿನ ಮಾಲೀಕರ ಎದುರು ಗಿರಿಜಮ್ಮ ಏನೂ ಕೇಳದೆ ನಡೆಯುತ್ತಿದ್ದಾರೆ ಎಂದಾದರೆ ಆ ವಾದಕ್ಕೆ ಒಂಚೂರು ಜೀವ ಬರುತ್ತದೆ. ಗೇಟಿನ ಮೇಲೆ ಮಾಲೀಕರು ಕ್ಯಾಮರಾ ಇಟ್ಟಿದ್ದಾರೆ, ಅದರಲ್ಲಿ ಮಾತೂ ಕೇಳಿಸುತ್ತದೆ. ಆದ್ದರಿಂದ ತೀರ್ಪು ಬರುವವರೆಗೆ ಬಾಯಿ ಬಿಡಬಾರದು.

"ಎದುರಿಗೆ ನಿಂತಿದ್ರೂ ಮಾತಾಡ್ಸೋದು ಬ್ಯಾಡ್ವಾ?"

"ಬೇಡ. ತಲೆ ಎತ್ಕೊಂಡು ಸುಮ್ನೆ ನಡೀರಿ. ನಾನೂ ಬರ್ತೀನಿ."

ಹೊರಟೆವು. ಹೂವು ಬಿಟ್ಟ ಕಾಫಿ ಗಿಡಗಳ ನಡುವೆ ದಾರಿ ತಿರುಗಿ ಗೇಟಿನ ಹತ್ತಿರ ಬಂತು. ಹೊಸ ಮಾಲೀಕರು ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ನಮ್ಮನ್ನು ಕಂಡು ಪೇಪರು ಇಳಿಸಿದರು. ನಾನು ಗಿರಿಜಮ್ಮನ ಮೊಣಕೈ ಹಿಡಿದೆ. ಅವರ ತುಟಿ ಅಲ್ಲಾಡಿತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ದಾಟಿದರು. ಕ್ಯಾಮರಾದ ಕೆಳಗೆ ಒಂದು ಮಾತಿಲ್ಲದೆ ನಡೆದೆವು. ನನಗೆ ಗೆದ್ದಷ್ಟು ಖುಷಿಯಾಯಿತು.

ಟಾರು ರಸ್ತೆ ಕಾಣುವಲ್ಲಿ ಅವರು ನಿಂತರು. ಕಣ್ಣಲ್ಲಿ ನೀರಿತ್ತು.

"ಆ ಮನುಷ್ಯ ನಮ್ಮನ್ನ ನೋಡ್ತಾ ಕೂತಿದ್ರಲ್ಲ ಲಾಯರಮ್ಮ. ಕಲ್ಲಿನ್ ಎದ್ರು ಹೋದಂಗೆ ಬಂದ್ವಿ."

"ನಿಮ್ಮ ವಾರಗಿತ್ತಿನ ಸಾಯ್ಸಿದ್ದು ಆ ಮನುಷ್ಯನ ಬೀಗ, ನೆನಪಿಟ್ಕೊಳ್ಳಿ!" ನನಗೆ ರೇಗಿ ಹೋಯಿತು.

"ಅದು ಅವ್ರ ಗುಣ. ನಂದನ್ನ ನಾನ್ಯಾಕ್ ಕಳ್ಕಳ್ಳಿ?"

ನಾನು ಬೇಡ ಬೇಡ ಅನ್ನುತ್ತಿರುವಾಗಲೇ ಅವರು ಹಿಂದಕ್ಕೆ ಹೊರಟರು. ಸೀದಾ ಜಗಲಿಯ ಎದುರು ನಿಂತು, ಸೆರಗು ಸರಿಮಾಡಿಕೊಂಡು, ತೋಟಕ್ಕೆಲ್ಲ ಕೇಳುವ ಹಾಗೆ ಕೂಗಿದರು: "ಸಾವ್ಕಾರ್ರೇ, ಹೋಗ್ಬತ್ತೀವಿ!"

ಮಾಲೀಕರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಕ್ಯಾಮರಾ ಕಡೆ ಒಮ್ಮೆ ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: "ಆಯ್ತು, ಹೋಗಿ ಬನ್ನಿ. ನಮ್ಮ ಅನುಮತಿ ಇದೆ."

ಗಿರಿಜಮ್ಮ ತಿರುಗಿ ಬಂದರು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದೆ. ಬೈಯಬೇಕೆಂದು ಎದ್ದವಳು ಮತ್ತೆ ಕೂತೆ.

"ಸೋಲ್ತೀವಿ ಗಿರಿಜಮ್ಮ," ಅಂದೆ.

"ಸೋತ್ರೆ ಆನೆ ದಾರಿ ಇದ್ದೇ ಇದೆಯಲ್ಲ," ಅಂದರು. "ಆನೆಗೂ ನಾವು ಹೇಳೇ ಹೋಗೋದು."